ಬೀಜ ಹೆಚ್ಚೋ, ತಪ್ಪಲು ಹೆಚ್ಚೋ?

ಇವತ್ತು ನಿಮ್ಮ ಮುಂದೆ ಒಂದು ಅಡುಗೆಮನೆಯ ಪ್ರಶ್ನೆ ಇಡುತ್ತೇನೆ. ಬೀಜದಲ್ಲಿ ಸತ್ವ ಹೆಚ್ಚೋ, ತಪ್ಪಲ ಪಲ್ಯದಲ್ಲಿ ಹೆಚ್ಚೋ? ಬೀಜವೆಂದರೆ ಶೇಂಗಾ, ಎಳ್ಳು, ಅಗಸಿ, ಗುರೆಳ್ಳು. ಈ ಕೊನೆಯ ಎರಡನ್ನು ಪೇಟೆಯಲ್ಲಿ ಜವಸ, ಕಾರಳೆ ಎಂದು ಕೇಳಿ ತರುತ್ತೀರಲ್ಲ, ಅವೇ. ತಪ್ಪಲು ಎಂದರೆ ಮೆಂತ್ಯೆ, ರಾಜಗಿರಿ, ಪಾಲಕ, ಅಂಬಾಡಿ ಅನ್ನುವ ಪುಂಡಿಪಲ್ಯ, ಶೇವಗಾ ಅನ್ನುವ ನುಗ್ಗೆಯ ಸೊಪ್ಪು.

ನಾನು ಡಾಕ್ಟರನಲ್ಲ. ಮ್ಯಾಟ್ರಿಕ್ ಪಾಸಾಗಿ, ಬ್ಯಾಂಕಿನಲ್ಲಿ ಕಾರಕೂನನಾಗಿ ಸೇರಿ, ಕಾರಕೂನನಾಗಿಯೇ ನಿವೃತ್ತನಾದವನು. ಜಮಾ ಎಷ್ಟು, ಖರ್ಚು ಎಷ್ಟು, ಶಿಲ್ಕು ಎಷ್ಟು, ಇಷ್ಟೇ ನನಗೆ ಗೊತ್ತಿರುವ ವಿದ್ಯೆ. ಆದರೆ ಈ ಪ್ರಶ್ನೆಯಲ್ಲಿ ಲೆಕ್ಕ ತಪ್ಪಿ ಮನೆಯವರನ್ನೇ ತೊಂದರೆಗೆ ಸಿಕ್ಕಿಸಿದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮ ಸೊಸೆ ಬಸುರಿಯಾಗಿದ್ದಳು. ನಾಲ್ಕನೆಯ ತಿಂಗಳಲ್ಲಿ ರಕ್ತ ತಪಾಸಣೆ ಮಾಡಿಸಿದಾಗ ಹಿಮೋಗ್ಲೋಬಿನ್ 9.6 ಬಂತು. ಬಸುರಿಯರಿಗೆ 11ಕ್ಕಿಂತ ಕಡಿಮೆ ಇದ್ದರೆ ರಕ್ತ ಕಡಿಮೆ ಎಂದೇ ಲೆಕ್ಕ. ಸರಕಾರಿ ದವಾಖಾನೆಯಲ್ಲಿ ಕಬ್ಬಿಣದ ಗುಳಿಗೆ ಕೊಟ್ಟರು. ಗುಳಿಗೆ ತಗೊಂಡರೆ ಆಕೆಗೆ ಹೊಟ್ಟೆ ತೊಳಸುತ್ತಿತ್ತು. "ಮಾವಾರ, ಇವು ನನಗ ಒಗ್ಗವಲ್ಲವು" ಎಂದಳು. ನನ್ನ ಡೈರಿಯಲ್ಲಿ ಯಾವುದೋ ಹಳೆಯ ಕೈಪಿಡಿ ನೋಡಿ ಬರೆದಿಟ್ಟುಕೊಂಡ ಅಂಕಿಗಳಿದ್ದವು. ನೂರು ಗ್ರಾಂ ರಾಜಗಿರಿಯಲ್ಲಿ 25 ಮಿಲಿಗ್ರಾಂ ಕಬ್ಬಿಣ ಎಂದು ಅದರಲ್ಲಿತ್ತು. ನಾನು ದೊಡ್ಡ ಪಂಡಿತನ ಹಾಗೆ, "ಗುಳಿಗಿ ಬಿಡವ್ವ, ದಿನಾ ರಾಜಗಿರಿ ಪಲ್ಯ ಉಣ್ಣು, ಗುರೆಳ್ಳ ಹಿಂಡಿ ಹಚ್ಚಿಕೋ, ಸಾಕು" ಎಂದೆ. ಹಿರಿಯರ ಮಾತು, ಆಕೆ ಕೇಳಿದಳು. ಎರಡು ತಿಂಗಳ ಮೇಲೆ ಮತ್ತೆ ತಪಾಸಣೆ ಆಯಿತು. 8.1 ಬಂತು.

ನರ್ಸ್‌ಬಾಯಿ ನನ್ನನ್ನು ಹೊರಗೆ ಕರೆದು, "ಕಾಕಾ, ಗುಳಿಗಿ ಬಿಡಸಂತ ಯಾರು ಹೇಳಿದ್ರು ನಿಮಗ?" ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮನೆಗೆ ಬಂದು ಲೆಕ್ಕವನ್ನು ಮತ್ತೆ ಮೊದಲಿನಿಂದ ತೆಗೆದೆ. ಹೈದರಾಬಾದಿನಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಎಂದು ಇದೆ. ನಮ್ಮ ದೇಶದ ಆಹಾರ ಪದಾರ್ಥಗಳಲ್ಲಿ ಏನೇನು ಎಷ್ಟೆಷ್ಟು ಇದೆ ಎಂದು ಅಳೆದು ಕೋಷ್ಟಕ ಮಾಡಿದವರು ಅವರು. ಈಚಿನ ದೊಡ್ಡ ಕೋಷ್ಟಕ 2017ರದು. ಅಳತೆಯ ವಿಧಾನ ಸುಧಾರಿಸಿದ ಮೇಲೆ ತಪ್ಪಲಗಳ ಕಬ್ಬಿಣದ ಹಳೆಯ ಅಂಕಿಗಳು ಬಹಳ ಕೆಳಗೆ ಇಳಿದಿವೆ. ರಾಜಗಿರಿಯದು 25 ಅಲ್ಲ, 3ರಿಂದ 5 ಮಿಲಿಗ್ರಾಂ ಒಳಗೆ. ದವಾಖಾನೆಯ ಒಂದು ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ನೂರು ಗ್ರಾಮಿಗೆ ನಾಲ್ಕರಂತೆ ಹಿಡಿದರೂ ಒಂದು ಗುಳಿಗೆಗೆ ಸರಿಗಟ್ಟಲು ದಿನಕ್ಕೆ ಒಂದೂವರೆ ಕಿಲೋ ರಾಜಗಿರಿ ಉಣ್ಣಬೇಕು. ಎತ್ತಿಗಾದರೆ ಆದೀತು, ಬಸುರಿ ಹೆಣ್ಣುಮಗಳಿಗೆ ಆಗುತ್ತದೆಯೆ?

ಹಾಗಾದರೆ ತಪ್ಪಲಿಗೆ ಬೆಲೆ ಇಲ್ಲವೆ, ಬೀಜವೇ ದೊಡ್ಡದೆ? ಇಲ್ಲಿಯೂ ಅವಸರ ಬೇಡ. ಒಂದೇ ಗಿಡದ ಬೀಜವನ್ನೂ ತಪ್ಪಲನ್ನೂ ಎದುರುಬದುರು ಇಟ್ಟು ನೋಡೋಣ. ಮೆಂತ್ಯೆಯನ್ನೇ ತೆಗೆದುಕೊಳ್ಳಿ. ನೂರು ಗ್ರಾಂ ಮೆಂತ್ಯೆ ಕಾಳಿನಲ್ಲಿ ಪ್ರೋಟೀನು 26 ಗ್ರಾಂ. ನೂರು ಗ್ರಾಂ ಮೆಂತ್ಯೆ ತಪ್ಪಲಲ್ಲಿ ನಾಲ್ಕೂವರೆ ಗ್ರಾಂ ಮಾತ್ರ. ಶಕ್ತಿ ಕಾಳಿನಲ್ಲಿ 333 ಕ್ಯಾಲೊರಿ, ತಪ್ಪಲಲ್ಲಿ 49. ಇಷ್ಟು ಓದಿದವರು ಕಾಳೇ ಗೆದ್ದಿತು ಅನ್ನುತ್ತಾರೆ. ಆದರೆ ಮುಂದಿನ ಸಾಲು ಓದಿ. ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಕಾಳಿನಲ್ಲಿ 160 ಮಿಲಿಗ್ರಾಂ, ತಪ್ಪಲಲ್ಲಿ 395. ಕಣ್ಣಿಗೆ ಬೇಕಾದ ಎ ಜೀವಸತ್ವ ಯಾವುದರಿಂದ ಆಗುತ್ತದೋ ಆ ಕೆರೊಟಿನ್ ಕಾಳಿನಲ್ಲಿ ನೂರು ಮೈಕ್ರೋಗ್ರಾಮೂ ಇಲ್ಲ, ತಪ್ಪಲಲ್ಲಿ ಎರಡು ಸಾವಿರದ ಮೇಲೆ. ಸಿ ಜೀವಸತ್ವ ತಪ್ಪಲಲ್ಲಿ 52 ಮಿಲಿಗ್ರಾಂ. ಒಣ ಕಾಳಿನಲ್ಲಿ ಇಲ್ಲವೆಂದೇ ಹೇಳಬೇಕು.

ಹೀಗೇಕೆ? ಬೀಜ ಎಂಬುದು ಗಿಡ ತನ್ನ ಮರಿಗಾಗಿ ಕಟ್ಟಿಕೊಟ್ಟ ಬುತ್ತಿ. ಮೊಳಕೆ ಬೇರುಬಿಟ್ಟು ಬಿಸಿಲು ಕಾಣುವ ತನಕ ಅದೇ ಆಧಾರ. ಅದಕ್ಕೇ ಅದರಲ್ಲಿ ಪ್ರೋಟೀನು, ಎಣ್ಣೆ, ಹಿಟ್ಟು ಒತ್ತಾಗಿ ತುಂಬಿರುತ್ತದೆ, ನೀರು ಕಡಿಮೆ. ತಪ್ಪಲು ಎಂಬುದು ದಿನಾ ಬಿಸಿಲಿನಲ್ಲಿ ದುಡಿಯುವ ಜಾಗ. ಆ ದುಡಿಮೆಗೆ ಬೇಕಾದ ಹಸಿರು, ಕೆರೊಟಿನ್, ಸಿ ಜೀವಸತ್ವ ಅಲ್ಲಿರುತ್ತದೆ. ನಮ್ಮ ಬ್ಯಾಂಕಿನ ಮಾತಿನಲ್ಲಿ ಬೀಜ ಮುದ್ದತಿನ ಠೇವಣಿ, ತಪ್ಪಲು ದಿನನಿತ್ಯದ ಚಾಲ್ತಿ ಖಾತೆ. ಎರಡೂ ಬೇರೆ ಬೇರೆ.

ಇನ್ನೊಂದು ಮಾತು. ತಪ್ಪಲಲ್ಲಿ ನೂರಕ್ಕೆ 86 ಭಾಗ ನೀರೇ ಇರುತ್ತದೆ. ಉಳಿದದ್ದು 14 ಗ್ರಾಂ. ಅದರಲ್ಲಿ ನಾಲ್ಕೂವರೆ ಗ್ರಾಂ ಪ್ರೋಟೀನು. ನೀರು ತೆಗೆದು ಲೆಕ್ಕ ಹಾಕಿದರೆ ಮೆಂತ್ಯೆ ತಪ್ಪಲು ಮೆಂತ್ಯೆ ಕಾಳಿಗೆ ಹೆಚ್ಚುಕಡಿಮೆ ಸಮ ನಿಲ್ಲುತ್ತದೆ. ನೂರು ಗ್ರಾಮಿನ ತೂಕ ಒಂದೇ ಆದರೂ ಹೋಲಿಕೆ ಒಂದೇ ಅಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಆದ್ದರಿಂದ ತಾಯಂದಿರೆ, ಪುಸ್ತಕದ ನೂರು ಗ್ರಾಂ ಬಿಟ್ಟು ನಿಮ್ಮ ತಾಟಿನ ಲೆಕ್ಕಕ್ಕೆ ಬನ್ನಿ. ಎಳ್ಳಿನಲ್ಲಿ ನೂರು ಗ್ರಾಮಿಗೆ 1450 ಮಿಲಿಗ್ರಾಂ ಕ್ಯಾಲ್ಸಿಯಂ ಎಂದು ಬರೆದಿದೆ. ನಿಜ. ಆದರೆ ಒಂದು ಹೊತ್ತಿಗೆ ನೂರು ಗ್ರಾಂ ಎಳ್ಳು ಉಣ್ಣುವವರು ಯಾರು? ಒಂದು ಚಮಚ ಎಳ್ಳ ಹಿಂಡಿ ಎಂದರೆ ಹತ್ತು ಗ್ರಾಂ, ಅದರಿಂದ ಸಿಗುವುದು 145. ಅದೂ ಸಿಪ್ಪೆಯ ಸಮೇತ ಇದ್ದರೆ. ಸಿಪ್ಪೆ ತೆಗೆದ ಬಿಳಿ ಎಳ್ಳಿನಲ್ಲಿ ಬಹುಪಾಲು ಹೋಗಿರುತ್ತದೆ. ನೂರು ಗ್ರಾಂ ಮೆಂತ್ಯೆ ಪಲ್ಯವನ್ನೋ ಯಾರಾದರೂ ಸಲೀಸಾಗಿ ಉಣ್ಣುತ್ತಾರೆ, 395 ಸಿಗುತ್ತದೆ. ಪುಸ್ತಕದಲ್ಲಿ ಎಳ್ಳು ಮೇಲೆ, ತಾಟಿನಲ್ಲಿ ಮೆಂತ್ಯೆ ಮೇಲೆ. ಅದೇ ಶೇಂಗಾ ಒಂದು ಹಿಡಿ, ಮೂವತ್ತು ಗ್ರಾಂ, ತಿಂದರೆ ಏಳೂವರೆ ಗ್ರಾಂ ಪ್ರೋಟೀನು, 170 ಕ್ಯಾಲೊರಿ ಸಿಗುತ್ತದೆ. ಸೊರಗಿದ ಮಗುವಿಗೆ, ಹೊಲದಲ್ಲಿ ದುಡಿಯುವವನಿಗೆ ಅದು ಬೇಕು. ಕುಳಿತು ಮೈ ಬೆಳೆಸಿಕೊಂಡ ನನ್ನಂಥ ಪಿಂಚಣಿದಾರರಿಗೆ ತಪ್ಪಲೇ ಹೆಚ್ಚು ಬೇಕು.

ಇನ್ನು ಚೆಕ್ಕು ಖಾತೆಗೆ ಹಾಕಿದ ಮಾತ್ರಕ್ಕೆ ರೊಕ್ಕ ಜಮಾ ಆಗುವುದಿಲ್ಲ, ಪಾಸಾಗಿ ಬರಬೇಕು. ಉಂಡದ್ದು ಮೈಗೆ ಹತ್ತುವುದೂ ಹಾಗೆಯೇ. ಬೀಜಗಳಲ್ಲಿ ಫೈಟೇಟ್ ಎಂಬ ವಸ್ತು ಇದ್ದು ಕಬ್ಬಿಣವನ್ನು ಹಿಡಿದುಕೊಳ್ಳುತ್ತದೆ. ಪಾಲಕ, ರಾಜಗಿರಿಯಲ್ಲಿ ಆಕ್ಸಲೇಟ್ ಹೆಚ್ಚಿದ್ದು ಕ್ಯಾಲ್ಸಿಯಮ್ಮನ್ನು ಬಿಟ್ಟುಕೊಡುವುದಿಲ್ಲ. ಮೆಂತ್ಯೆಯಲ್ಲಿ ಈ ಕಾಟ ಕಡಿಮೆ. ಊಟವಾದ ಕೂಡಲೆ ಚಹಾ ಕುಡಿದರೆ ಕಬ್ಬಿಣ ಮೈಗೆ ಹತ್ತುವುದು ಇನ್ನೂ ಕಡಿಮೆಯಾಗುತ್ತದೆ. ನಮ್ಮ ಸೊಸೆ ಮಾಡುತ್ತಿದ್ದುದೂ ಅದನ್ನೇ. ಉಂಡು ಕೈ ತೊಳೆದದ್ದೇ ಚಹಾ.

ಇದಕ್ಕೆ ಪರಿಹಾರವೂ ಮನೆಯಲ್ಲೇ ಇದೆ. ಸಿ ಜೀವಸತ್ವ ಇದ್ದರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಊಟದಲ್ಲಿ ಅರ್ಧ ನಿಂಬೆಹಣ್ಣು ಹಿಂಡಿಕೊಳ್ಳಿ, ಹಸಿ ಮೆಂತ್ಯೆ ತಿನ್ನಿ. ತಪ್ಪಲನ್ನು ತೊಳೆದು ಆಮೇಲೆ ಹೆಚ್ಚಿ, ಬಹಳ ಹೊತ್ತು ಕುದಿಸಬೇಡಿ, ಕುದಿಸಿದ ನೀರು ಚೆಲ್ಲಬೇಡಿ. ಕೆರೊಟಿನ್ ಮೈಗೆ ಹತ್ತಬೇಕಾದರೆ ಜೊತೆಗೆ ಸ್ವಲ್ಪ ಎಣ್ಣೆಯ ಅಂಶ ಬೇಕು. ಎಣ್ಣೆ ಇರುವುದು ಎಲ್ಲಿ? ಬೀಜದಲ್ಲಿ. ಹಸಿ ಮೆಂತ್ಯೆಗೆ ಶೇಂಗಾ ಪುಡಿ ಕಲಸಿ, ನಿಂಬೆ ಹಿಂಡಿ, ಜೋಳದ ರೊಟ್ಟಿಯ ಜೊತೆ ಕೊಡುತ್ತಿದ್ದ ನಮ್ಮ ಅವ್ವ ಯಾವ ಕೋಷ್ಟಕವನ್ನೂ ಓದಿರಲಿಲ್ಲ. ಭೋಗಿಯ ದಿನ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಹಲವು ಕಾಯಿ-ತಪ್ಪಲು ಕೂಡಿಸಿ ಶೇಂಗಾ, ಎಳ್ಳಿನ ಪುಡಿ ಹಾಕಿದ ಪಲ್ಯ ಮಾಡುತ್ತೀರಲ್ಲ, ಬೀಜ-ತಪ್ಪಲು ಎರಡನ್ನೂ ಒಂದೇ ತಾಟಿಗೆ ತಂದ ಊಟ ಅದು. ವರ್ಷಕ್ಕೆ ಒಂದು ದಿನ ಮಾಡುವುದನ್ನು ವಾರಕ್ಕೆ ಎರಡು ದಿನ ಮಾಡಿ.

ಕಾಲವನ್ನೂ ನೋಡಬೇಕು. ಹಿಂಗಾರಿನಲ್ಲಿ ಹೊಲದಲ್ಲೇ ಎಳೆಯ ಕಡಲೆ ತಪ್ಪಲು, ಕುಸುಬಿ ತಪ್ಪಲು ಸಿಗುತ್ತದೆ, ದುಡ್ಡು ಕೊಡಬೇಕಾಗಿಲ್ಲ. ಬೇಸಿಗೆಯಲ್ಲಿ ಪಲ್ಯದ ಕಟ್ಟು ತುಟ್ಟಿಯಾಗುತ್ತದೆ. ಆಗ ಹಿತ್ತಲ ನುಗ್ಗೆಗಿಡ ಕೈಹಿಡಿಯುತ್ತದೆ, ಡಬ್ಬಿಯಲ್ಲಿ ಹಿಂಡಿ ಇರುತ್ತದೆ. ಶೇಂಗಾದಲ್ಲಿ ಬೂಸು ಹಿಡಿದದ್ದು, ಕಪ್ಪಾದದ್ದು ಇದ್ದರೆ ಆರಿಸಿ ಬಿಸಾಡಿ; ಉಳಿಸಲು ಹೋಗಿ ಕೆಡಬೇಡಿ.

ನಮ್ಮ ಸೊಸೆಯ ಮಾತು ಹೇಳಿ ಮುಗಿಸುತ್ತೇನೆ. ಡಾಕ್ಟರು ಹೇಳಿದಂತೆ ಆಕೆ ದಿನಕ್ಕೆ ಎರಡು ಗುಳಿಗೆ ಶುರುಮಾಡಿದಳು. ಹೊಟ್ಟೆ ತೊಳಸಿದರೆ ಬಿಡಬೇಡ, ರಾತ್ರಿ ಮಲಗುವ ಮುಂದೆ ತಗೊಂಡು ನೋಡು ಎಂದು ನರ್ಸ್‌ಬಾಯಿ ಹೇಳಿಕೊಟ್ಟರು. ನಿಂಬೆ ಶರಬತ್ತಿನ ಜೊತೆ ತಗೊಂಡಳು, ಊಟದ ಹಿಂದೆ ಚಹಾ ಬಿಟ್ಟಳು, ಪಲ್ಯವೂ ಹಿಂಡಿಯೂ ತಾಟಿನಲ್ಲಿ ಇದ್ದೇ ಇದ್ದವು. ಹೆರಿಗೆಯ ಹೊತ್ತಿಗೆ 10.4 ಆಯಿತು. 11 ಮುಟ್ಟಲಿಲ್ಲ. ಎರಡು ತಿಂಗಳು ನಾನು ಹಾಳು ಮಾಡದಿದ್ದರೆ ಮುಟ್ಟುತ್ತಿತ್ತೋ ಏನೋ. ತಾಯಿ, ಮೊಮ್ಮಗಳು ಇಬ್ಬರೂ ಈಗ ಸುಖವಾಗಿದ್ದಾರೆ.

ಬೀಜ ಹೆಚ್ಚೋ, ತಪ್ಪಲು ಹೆಚ್ಚೋ ಎಂದು ಯಾರಾದರೂ ಕೇಳಿದರೆ, ಬೀಜ ಒಂದು ಹಿಡಿ, ತಪ್ಪಲು ಒಂದು ಬಟ್ಟಲು, ಎರಡೂ ಬೇಕು ಎಂದು ಹೇಳಿ. ಡಾಕ್ಟರು ಗುಳಿಗೆ ಕೊಟ್ಟಿದ್ದರೆ ಅದು ಮೂರನೆಯದು. ಇವೆರಡರ ಹೆಸರು ಹೇಳಿ ಅದನ್ನು ಬಿಡಬೇಡಿ, ಮನೆಯ ಹಿರಿಯರು ಹೇಳಿದರೂ ಬಿಡಬೇಡಿ.