ಗಾಜಿನ ಹುಲಿಗೆ ಕಣ್ಣಿಡೋಣ ಬನ್ನಿ

ಮಕ್ಕಳೇ, ಮಲೆ ಮಾದಪ್ಪನ ಹುಲಿಯನ್ನು ನೀವು ಪಟಗಳಲ್ಲಿ ನೋಡಿಯೇ ಇರುತ್ತೀರಿ. ಅಂಥದೊಂದು ಹುಲಿಮುಖ ಗಾಜಿನ ಮಣಿಯಾಗಿ ನಿಮ್ಮ ಸರದಲ್ಲಿದೆ ಅಂದುಕೊಳ್ಳಿ. ಮಣಿಯೇ ಅಷ್ಟು ಚಿಕ್ಕದು, ಅದರ ಕಣ್ಣು ಇನ್ನೆಷ್ಟು ಚಿಕ್ಕದಿರಬೇಡ! ಅಷ್ಟರಲ್ಲೇ ಹುಲಿ ನಮ್ಮನ್ನು ದಿಟ್ಟಿಸಿದಂತೆ ಕಾಣುವುದು ಹೇಗೆ?

ಮೊದಲು ಮಣಿ ಹುಟ್ಟುವುದನ್ನು ನೋಡೋಣ. ಉತ್ತರ ಪ್ರದೇಶದ ಹತ್ರಾಸ್ ಜಿಲ್ಲೆಯ ಪುರ್ದಿಲ್‌ನಗರ ಗಾಜಿನ ಮಣಿಗಳಿಗೆ ಹೆಸರಾದ ಊರು. ಹುಲಿಮುಖದಂಥ ಮಣಿ ಮಾಡುವವರು ಉರಿಯ ಮುಂದೆ ಕೂರುತ್ತಾರೆ. ಒಂದು ಕೈಯಲ್ಲಿ ಬಣ್ಣದ ಗಾಜಿನ ಕಡ್ಡಿ, ಇನ್ನೊಂದರಲ್ಲಿ ಮಣ್ಣಿನ ಲೇಪ ಹಚ್ಚಿದ ಉಕ್ಕಿನ ಕಡ್ಡಿ. ಮೆತ್ತಗಾದ ಗಾಜನ್ನು ಉಕ್ಕಿನ ಕಡ್ಡಿಗೆ ಸುತ್ತುತ್ತಾರೆ. ಆರಿದ ಮೇಲೆ ಕಡ್ಡಿಯನ್ನು ಎಳೆದುಬಿಟ್ಟರೆ ಅದಿದ್ದ ಜಾಗವೇ ದಾರ ಪೋಣಿಸುವ ತೂತು.

ಮಂಜುಗಡ್ಡೆ ಸೊನ್ನೆ ಡಿಗ್ರಿಗೆ ಬಂದಾಗ ಕರಗಿ ನೀರಾಗುತ್ತದೆ. ಗಾಜಿಗೆ ಹಾಗೆ ಒಂದು ಗೆರೆ ಇಲ್ಲ. ಒಲೆಯಿಂದ ಇಳಿಸಿದ ಬೆಲ್ಲದ ಪಾಕ ನೆನಪಿಸಿಕೊಳ್ಳಿ: ಬಿಸಿಯಿದ್ದಾಗ ಹರಿಯುತ್ತದೆ, ತುಸು ಆರಿದರೆ ಎಳೆ ಬರುತ್ತದೆ, ಪೂರ್ತಿ ಆರಿದರೆ ಲಟಕ್ಕನೆ ಮುರಿಯುತ್ತದೆ. ಗಾಜೂ ಹೀಗೆಯೇ. ಎಳೆ ಬರುವ ಆ ನಡುವಿನ ಹೊತ್ತಿನಲ್ಲೇ ಕೈಕೆಲಸವೆಲ್ಲ ನಡೆಯುವುದು.

ಈಗ ಕಣ್ಣು. ತೆಳ್ಳಗೆ ಎಳೆದ ಹಳದಿ ಗಾಜಿನ ತುದಿಯನ್ನು ಕಾಯಿಸಿ ಮಣಿಗೆ ಮುಟ್ಟಿಸಿದರೆ ಒಂದು ಚುಕ್ಕಿ ಕೂರುತ್ತದೆ. ಯಾರೂ ತಿದ್ದದೆಯೇ ಅದು ದುಂಡಗಾಗುತ್ತದೆ! ಏಕೆಂದರೆ ಕರಗಿದ ಗಾಜಿನ ಹೊರಮೈ ಎಲ್ಲ ಕಡೆಯಿಂದಲೂ ತನ್ನನ್ನು ಒಳಕ್ಕೆ ಎಳೆದುಕೊಳ್ಳುತ್ತಿರುತ್ತದೆ. ಇದೇ ಮೇಲ್ಮೈ ಎಳೆತ.

ಹಳದಿಯ ಮೇಲೆ ಕಪ್ಪು ಚುಕ್ಕಿ. ಅದು ಕಣ್ಣಿನ ಪಾಪೆ. ಅದರ ಮೇಲೆ ಬಣ್ಣವಿಲ್ಲದ ತಿಳಿಗಾಜಿನ ಒಂದು ಹನಿ. ಉಬ್ಬಿದ ಈ ಹನಿ ಭೂತಗನ್ನಡಿಯ ಕೆಲಸ ಮಾಡಿ ಕೆಳಗಿನ ಚುಕ್ಕಿಯನ್ನು ದೊಡ್ಡದಾಗಿ ತೋರಿಸುತ್ತದೆ. ಕಿಟಕಿಯ ಬೆಳಕೂ ಅದರ ಮೇಲೆ ಮಿನುಗುತ್ತದೆ. ನಿಮ್ಮ ಗೆಳತಿಯ ಕಣ್ಣನ್ನು ಹತ್ತಿರದಿಂದ ನೋಡಿ. ಅಲ್ಲೂ ಪಾಪೆಯ ಮುಂದೆ ಉಬ್ಬಿದ ತಿಳಿ ಪರದೆ ಇದೆ, ಅದರ ಮೇಲೂ ಬೆಳಕಿನ ಮಿನುಗಿದೆ. ಆ ಮಿನುಗು ಇಲ್ಲದಿದ್ದರೆ ಕಣ್ಣು ಸಪ್ಪೆಯಾಗಿ ಕಾಣುತ್ತದೆ.

ಹಾಗಾದರೆ ಎಲ್ಲ ಪ್ರಾಣಿಗೂ ಒಂದೇ ಬಗೆಯ ಕಣ್ಣು ಸಾಕೇ? ಗುಂಡ್ಲುಪೇಟೆಯ ಪಕ್ಕದ ಬಂಡೀಪುರವನ್ನೇ ಕೇಳೋಣ. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಮೊದಲ ಸಾಲಿನಲ್ಲೇ ಸೇರಿದ ಕಾಡು ಅದು. ಹುಲಿಯ ಎರಡೂ ಕಣ್ಣು ಮುಂದಕ್ಕೆ ನೋಡುತ್ತವೆ, ಪಾಪೆ ದುಂಡಗೆ. ಎಷ್ಟು ದೂರಕ್ಕೆ ಹಾರಬೇಕೆಂದು ಅಳೆಯಲು ಮುಂದಿನ ನೋಟ ಬೇಕು. ಜಿಂಕೆಯ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿವೆ, ಪಾಪೆ ಅಡ್ಡಕ್ಕೆ ಉದ್ದ. ಹುಲ್ಲು ಮೇಯುತ್ತಲೇ ಸುತ್ತಲೂ ಕಾವಲು ಕಾಯಲು ಅದಕ್ಕೆ ಅನುಕೂಲ.

ಮನೆಯ ಬೆಕ್ಕಿನ ಪಾಪೆ ಬಿಸಿಲಿನಲ್ಲಿ ನೆಟ್ಟಗಿನ ಗೀರಾಗುತ್ತದೆ. ಹುಲಿಯೂ ಅದರ ಬಳಗದ್ದೇ ಅಲ್ಲವೇ, ಮತ್ತೇಕೆ ದುಂಡು? 2015ರಲ್ಲಿ ವಿಜ್ಞಾನಿಗಳು 214 ಬಗೆಯ ಪ್ರಾಣಿಗಳ ಕಣ್ಣನ್ನು ಹೋಲಿಸಿ ನೋಡಿದರು. ನೆಲಕ್ಕೆ ಹತ್ತಿರವಾಗಿ ಹೊಂಚು ಹಾಕುವ ಕುಳ್ಳ ಬೇಟೆಗಾರರಿಗೆ ನೆಟ್ಟಗಿನ ಗೀರು ದೂರ ಅಳೆಯಲು ನೆರವಾಗುತ್ತದೆ, ಎತ್ತರದ ಹುಲಿಗೆ ಅದರ ಅಗತ್ಯ ಅಷ್ಟಿಲ್ಲ ಎಂದು ಅವರು ಹೇಳಿದರು.

ಇನ್ನು ಉಳಿದದ್ದು ಹುಲಿಯ ಮನಸ್ಸು. ಕಪ್ಪು ಚುಕ್ಕಿ ದೊಡ್ಡದಾದರೆ ಮುದ್ದು ಮರಿ, ಚಿಕ್ಕದಾದರೆ ಬಿರುಸು ನೋಟ. ಕಣ್ಣಿನ ಮೇಲರ್ಧಕ್ಕೆ ರೆಪ್ಪೆಯಾಗಿ ಒಂದು ಗಾಜಿನ ಎಳೆ ಇಟ್ಟರೆ ತೂಕಡಿಕೆ, ಅದೇ ಎಳೆ ಮೂಗಿನ ಕಡೆಗೆ ಇಳಿದರೆ ಸಿಟ್ಟು!

ಮುಗಿದ ಮಣಿಯನ್ನು ಸರಕ್ಕನೆ ಆರಿಸುವಂತಿಲ್ಲ. ಹೊರಮೈ ಮೊದಲು ತಣ್ಣಗಾಗಿ ಕುಗ್ಗುತ್ತದೆ, ಒಳಗು ಇನ್ನೂ ಬಿಸಿಯಾಗಿಯೇ ಇರುತ್ತದೆ. ಈ ಎಳೆದಾಟದಲ್ಲಿ ಮಣಿ ಸೀಳಬಹುದು. ಆದ್ದರಿಂದ ಗೂಡಿನಲ್ಲಿಟ್ಟು ನಿಧಾನವಾಗಿ ತಣಿಸುತ್ತಾರೆ.

ಉರಿಯ ಕೆಲಸ ದೊಡ್ಡವರದು. ನಿಮಗೆ ಒಂದು ಮುಷ್ಟಿ ಜೇಡಿಮಣ್ಣು, ನಾಲ್ಕು ಸಾಸಿವೆ ಕಾಳು ಸಾಕು. ಎರಡು ಹುಲಿಮುಖ ಮಾಡಿ. ಒಂದಕ್ಕೆ ಕಣ್ಣುಗಳನ್ನು ಮುಂದೆ ಇಡಿ, ಇನ್ನೊಂದಕ್ಕೆ ಜಿಂಕೆಯ ಹಾಗೆ ಎರಡು ಪಕ್ಕಕ್ಕೆ ಇಡಿ. ಯಾವ ಹುಲಿ ಬೇಟೆಯಾಡೀತು, ಯಾವುದು ಬೆದರಿ ಓಡೀತು? ತರಗತಿಯ ಗೆಳೆಯರನ್ನೇ ಕೇಳಿ ನೋಡಿ.