ಸಾಲದ ಸಾಲಿನಲ್ಲಿ ಕೊನೆಗೆ ನಿಂತವರು

ರೈತರ ಸಾಲದ ಬಗ್ಗೆ ನಾವು ದಿನಾ ಮಾತಾಡ್ತೀವಿ. ಸಾಲ ಮನ್ನಾ, ಸಾಲದ ನೋಟಿಸು, ಸಾಲದ ಶೂಲ. ಇವತ್ತು ಸ್ವಲ್ಪ ತಿರುಗಿಸಿ ನೋಡೋಣ. ರೈತನಿಗೆ ಸಾಲ ಕೊಡೋ ಬ್ಯಾಂಕ್ ಇದೆಯಲ್ಲ, ಅದು ಯಾರ ಹತ್ರ ಸಾಲ ಮಾಡುತ್ತೆ?

ಬ್ಯಾಂಕಿಗೂ ಸಾಲನಾ ಅಂತ ಹುಬ್ಬೇರಿಸಬೇಡಿ. ನೀವು ಇಟ್ಟ ಠೇವಣಿಯೇ ಬ್ಯಾಂಕು ನಿಮ್ಮಿಂದ ತಗೊಂಡಿರೋ ಸಾಲ. ಅದು ಸಾಲದೇ ಹೋದಾಗ ಬ್ಯಾಂಕು ಬೇರೆ ಬಾಗಿಲು ತಟ್ಟುತ್ತೆ. ಅಂಥ ಎರಡು ಬಾಗಿಲುಗಳ ಕಥೆ ಹೇಳ್ತೀನಿ. ಆ ಎರಡೂ ಬಾಗಿಲಿನ ಮುಂದಿರೋ ಸಾಲಿನಲ್ಲಿ ಕೊನೆಗೆ ನಿಂತಿರೋರು ಯಾರು ಅಂತ ನೀವೇ ನೋಡಿ.

ಮೊದಲನೇ ಬಾಗಿಲು. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡವನ್ನೇ ತಗೊಳ್ಳಿ. ಮಳೆ ನಂಬಿದ ಸೀಮೆ. ಕಡ್ಲೆಕಾಯಿ, ರಾಗಿ, ತೊಗರಿ. ಒಂದು ಹದ ಮಳೆ ಬಿದ್ದರೆ ಅದೇ ವಾರ ಬಿತ್ತಬೇಕು, ಅದೇ ವಾರ ಕೈಯಲ್ಲಿ ದುಡ್ಡಿರಬೇಕು. ರೈತ ಎಲ್ಲಿಗೆ ಹೋಗ್ತಾನೆ? ಊರಿನ ಸೊಸೈಟಿಗೆ, ಅಂದರೆ ವ್ಯವಸಾಯ ಸೇವಾ ಸಹಕಾರ ಸಂಘಕ್ಕೆ. ಸೊಸೈಟಿ ಹೋಗೋದು ತುಮಕೂರಿನ ಡಿಸಿಸಿ ಬ್ಯಾಂಕಿಗೆ. ಡಿಸಿಸಿ ಬ್ಯಾಂಕು ಬೆಂಗಳೂರಿನ ಅಪೆಕ್ಸ್ ಬ್ಯಾಂಕಿಗೆ. ಅಪೆಕ್ಸ್ ಬ್ಯಾಂಕು ನಬಾರ್ಡ್‌ಗೆ. ನಾಲ್ಕು ಮೆಟ್ಟಿಲು. ಪ್ರತಿ ಮೆಟ್ಟಿಲಲ್ಲೂ ಒಬ್ಬ ಸಾಲಗಾರ.

ನಬಾರ್ಡ್ ಏನು ಮಾಡುತ್ತೆ? ಈ ವರ್ಷ ನಿಮ್ಮ ರಾಜ್ಯಕ್ಕೆ ಇಷ್ಟು ಅಂತ ಒಂದು ಮಿತಿ ಹಾಕುತ್ತೆ. ಬೇಕಾದಾಗ ತಗೊಳ್ಳಿ, ಅವಧಿಗೆ ಸರಿಯಾಗಿ ಕಟ್ಟಿ. ಇದನ್ನೇ ಕ್ರೆಡಿಟ್ ಲೈನ್ ಅನ್ನೋದು. ನಿಮ್ಮ ಕಿಸಾನ್ ಕ್ರೆಡಿಟ್ ಕಾರ್ಡ್ ಇದೆಯಲ್ಲ, ಇದೂ ಹಾಗೇ. ನಿಮ್ಮದು ಲಕ್ಷದ ಲೆಕ್ಕ, ಅವರದು ಸಾವಿರ ಕೋಟಿಯ ಲೆಕ್ಕ, ಅಷ್ಟೇ ವ್ಯತ್ಯಾಸ.

ಈಗ ಅಂಕಿ ನೋಡಿ. 2023-24ರಲ್ಲಿ ಕರ್ನಾಟಕಕ್ಕೆ ಅಲ್ಪಾವಧಿ ಕೃಷಿ ಸಾಲಕ್ಕೆಂದು ನಬಾರ್ಡ್ ರಿಯಾಯಿತಿ ಬಡ್ಡಿಯಲ್ಲಿ ಮಂಜೂರು ಮಾಡಿದ್ದು 5,600 ಕೋಟಿ ರೂಪಾಯಿ. 2024-25ರಲ್ಲಿ? 2,340 ಕೋಟಿ. ಶೇಕಡಾ 58ರಷ್ಟು ಕಡಿತ! ಆ ನವೆಂಬರ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ದೆಹಲಿಗೆ ಹೋಗಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರನ್ನ ಕಂಡು, ಇದನ್ನ ಸರಿಪಡಿಸಿ ಅಂದರು. ಆಗ ರಾಜ್ಯದ ಸಹಕಾರ ಸಚಿವರು ಯಾರು? ಇದೇ ಮಧುಗಿರಿಯ ಶಾಸಕ ಕೆ.ಎನ್. ರಾಜಣ್ಣ. ಅಪೆಕ್ಸ್ ಬ್ಯಾಂಕು, ತುಮಕೂರು ಡಿಸಿಸಿ ಬ್ಯಾಂಕು ಎರಡರ ಅಧ್ಯಕ್ಷರಾಗಿದ್ದವರು. ಈ ಮೆಟ್ಟಿಲುಗಳು ಅವರಿಗೆ ಗೊತ್ತಿಲ್ಲದ್ದೇನಲ್ಲ.

ರಾಜ್ಯ ಸರ್ಕಾರ 2023ರ ಬಜೆಟ್‌ನಲ್ಲಿ ಏನು ಹೇಳಿತ್ತು? ಶೂನ್ಯ ಬಡ್ಡಿ ಸಾಲದ ಮಿತಿ 3 ಲಕ್ಷದಿಂದ 5 ಲಕ್ಷಕ್ಕೆ. ಒಳ್ಳೇದೇ. ಆದರೆ ಸ್ವಾಮಿ, ರೈತನಿಗೆ ಸೊನ್ನೆ ಬಡ್ಡಿ ಇರಬಹುದು, ದುಡ್ಡಿಗೆ ಸೊನ್ನೆ ಬಡ್ಡಿ ಅನ್ನೋದು ಎಲ್ಲೂ ಇಲ್ಲ. ಆ ಬಡ್ಡಿ ಯಾರಾದರೂ ಕಟ್ಟಲೇಬೇಕು. ನಬಾರ್ಡ್ ಕೊಡೋದು ನಾಲ್ಕೂವರೆ ಪರ್ಸೆಂಟಿಗೆ. ಅದು ಸಿಗದಿದ್ದರೆ ಬ್ಯಾಂಕು ತನ್ನ ಠೇವಣಿಯಿಂದ ಕೊಡಬೇಕು. ಆ ಠೇವಣಿಗೆ ಎಂಟು ಪರ್ಸೆಂಟ್ ಖರ್ಚು ಅಂದ್ಕೊಳ್ಳಿ. ಒಂದು ಲಕ್ಷಕ್ಕೆ ವರ್ಷಕ್ಕೆ ಮೂರೂವರೆ ಸಾವಿರ ಹೆಚ್ಚು ಹೊರೆ. ದೆಹಲಿ ರಾಜ್ಯದ ಕಡೆ ಬೆರಳು ತೋರಿಸುತ್ತೆ, ರಾಜ್ಯ ದೆಹಲಿ ಕಡೆ. ಮಧ್ಯದಲ್ಲಿ ಬ್ಯಾಂಕು ಕೈ ಬಿಗಿ ಮಾಡುತ್ತೆ.

ಕೈ ಬಿಗಿಯಾದರೆ ಮೊದಲ ಪೆಟ್ಟು ಯಾರಿಗೆ? ಹಳೇ ಸಾಲಗಾರ ಕಟ್ಟಿ ನವೀಕರಿಸ್ತಾನೆ, ಅವನ ಕೆಲಸ ಹೇಗೋ ನಡೆಯುತ್ತೆ. ಹೊಸದಾಗಿ ಅರ್ಜಿ ಹಾಕಿದವನಿಗೆ ಹೊಸ ದುಡ್ಡೇ ಬೇಕು. ಅಪ್ಪನ ಜಮೀನು ಭಾಗ ಆಗಿ, ಮೊದಲ ಸಲ ಸೊಸೈಟಿ ಸದಸ್ಯನಾದ ಹುಡುಗ. ಗಂಡ ಸತ್ತ ಮೇಲೆ ಖಾತೆ ಮಾಡಿಸಿಕೊಂಡ ಹೆಣ್ಣುಮಗಳು. ಇವರಿಗೆ ಸಿಗೋ ಉತ್ತರ ಒಂದೇ: "ಮೇಲಿಂದ ದುಡ್ಡು ಬಂದಿಲ್ಲ, ಮುಂದಿನ ತಿಂಗಳು ಬನ್ನಿ." ಮುಂದಿನ ತಿಂಗಳವರೆಗೆ ಹದ ಕಾಯುತ್ತಾ? ಕೈಸಾಲಕ್ಕೆ ಓಡ್ತಾರೆ, ಮೈಕ್ರೋ ಫೈನಾನ್ಸ್‌ಗೆ ಓಡ್ತಾರೆ. ವಸೂಲಿ ಕಿರುಕುಳ ತಡೆಯೋಕೆ 2025ರ ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತರೋ ಸ್ಥಿತಿ ಬಂತು. ಸೊಸೈಟಿಯಲ್ಲಿ ಸಕಾಲಕ್ಕೆ ಸಾಲ ಸಿಕ್ಕಿದ್ದರೆ ಎಷ್ಟು ಮಂದಿ ಆ ಕಡೆ ತಲೆ ಹಾಕ್ತಿದ್ದರು?

ಈಗ ಎರಡನೇ ಬಾಗಿಲು. ಇದು ಠೇವಣಿ ಇಡೋರಿಗೆ ಸಂಬಂಧಪಟ್ಟಿದ್ದು. ಬ್ಯಾಂಕು ಎಷ್ಟು ಬೇಕಾದರೂ ಸಾಲ ಕೊಡೋ ಹಾಗಿಲ್ಲ. ನೂರು ರೂಪಾಯಿ ಸಾಲಕ್ಕೆ ಸುಮಾರು ಒಂಬತ್ತು ರೂಪಾಯಿ ಸ್ವಂತ ಬಂಡವಾಳ ಇರಬೇಕು ಅನ್ನೋದು ರಿಸರ್ವ್ ಬ್ಯಾಂಕ್ ನಿಯಮದ ಸಾರ. ಬಂಡವಾಳ ಕಡಿಮೆ ಬಿದ್ದರೆ? ಅದಕ್ಕೊಂದು ಉಪಾಯ ಇದೆ. ಅಧೀನ ಸಾಲ. ಕನಿಷ್ಠ ಐದು ವರ್ಷಕ್ಕೆ ಬಾಂಡ್ ಕೊಟ್ಟು ದುಡ್ಡು ಎತ್ತೋದು. ಸಾಲವೇ ಆದರೂ ಅದನ್ನ ಒಂದು ಮಟ್ಟಿಗೆ ಬಂಡವಾಳ ಅಂತ ಲೆಕ್ಕ ಹಾಕ್ತಾರೆ. ಯಾಕೆ? ಬ್ಯಾಂಕು ಮುಳುಗಿದರೆ ಈ ದುಡ್ಡು ಕೊಟ್ಟವನು ಕೊನೇ ಪಂಕ್ತಿ.

ಮದುವೆ ಊಟ ನೆನಪಿಸ್ಕೊಳ್ಳಿ. ಮೊದಲ ಪಂಕ್ತಿ ಠೇವಣಿದಾರರದು. ಆಮೇಲೆ ಉಳಿದ ಸಾಲ ಕೊಟ್ಟವರು. ಅವರ ಎಲೆ ಎತ್ತಿದ ಮೇಲೆ ಅಧೀನ ಸಾಲದವರು. ಇವರ ಹಿಂದೆ ಉಳಿಯೋರು ಖಾಯಂ ಬಾಂಡ್‌ನವರು, ಷೇರುದಾರರು ಮಾತ್ರ. ಕೊನೇ ಪಂಕ್ತಿಗೆ ಪಾಯಸ ಉಳಿದಿರೋ ಗ್ಯಾರಂಟಿ ಇಲ್ಲ. ಅದಕ್ಕೇ ಒಂದೆರಡು ಪರ್ಸೆಂಟ್ ಬಡ್ಡಿ ಜಾಸ್ತಿ.

ಇದು ಬರೀ ಪುಸ್ತಕದ ಮಾತಲ್ಲ. 2020ರ ಮಾರ್ಚ್‌ನಲ್ಲಿ ಯೆಸ್ ಬ್ಯಾಂಕಿನ 8,415 ಕೋಟಿಯ ಖಾಯಂ ಬಾಂಡ್‌ಗಳನ್ನ ಒಂದೇ ಏಟಿಗೆ ಸೊನ್ನೆ ಮಾಡಿದರು. ಅದನ್ನ ಸಾಮಾನ್ಯ ಗ್ರಾಹಕರಿಗೆ 'ಸೂಪರ್ ಎಫ್‌ಡಿ' ಅಂತ ಹೇಳಿ ಮಾರಿದ್ದರು ಅಂತ ಸೆಬಿ 2021ರ ಆದೇಶದಲ್ಲಿ ಬರೆಯಿತು. 2023ರಲ್ಲಿ ಬಾಂಬೆ ಹೈಕೋರ್ಟ್ ಆ ರದ್ದತಿಯನ್ನೇ ತಳ್ಳಿಹಾಕಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಯ್ತು. ಅದೇ 2020ರ ನವೆಂಬರ್‌ನಲ್ಲಿ ಲಕ್ಷ್ಮೀ ವಿಲಾಸ್ ಬ್ಯಾಂಕಿನ 318 ಕೋಟಿಯ ಅಧೀನ ಬಾಂಡೂ ಸೊನ್ನೆ ಆಯ್ತು. ಎರಡೂ ಕಡೆ ಠೇವಣಿದಾರರ ಅಸಲು ಉಳೀತು. ಬಾಂಡ್‌ನವರದು ಹೋಯ್ತು.

ಮುಂಬೈ ಕಥೆ ಪಾವಗಡಕ್ಕೆ ಯಾಕೆ ಅಂತೀರಾ? ತಿರುಮಣಿ ಸುತ್ತ 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಬಂತು. ಜಮೀನು ಗುತ್ತಿಗೆ ಕೊಟ್ಟವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಬಾಡಿಗೆ ಶುರುವಾಯ್ತು. ದುಡ್ಡು ಬಂದಲ್ಲಿ ದುಡ್ಡು ಕೇಳೋರೂ ಬರ್ತಾರೆ. ಡಿಸಿಸಿ ಬ್ಯಾಂಕುಗಳಿಗೂ ದೀರ್ಘಾವಧಿಯ ಅಧೀನ ಠೇವಣಿ ಸಂಗ್ರಹಿಸೋಕೆ ರಿಸರ್ವ್ ಬ್ಯಾಂಕ್ 2014ರಲ್ಲೇ ಅವಕಾಶ ಕೊಟ್ಟಿದೆ. ಹೆಸರಲ್ಲಿ 'ಠೇವಣಿ' ಇದೆ, ಕೂರೋದು ಕೊನೇ ಪಂಕ್ತಿಯಲ್ಲಿ. ಅದು ಕಾನೂನುಬದ್ಧ, ತಪ್ಪೇನಿಲ್ಲ. ಗೊತ್ತಿದ್ದು ಇಟ್ಟರೆ ತಪ್ಪಿಲ್ಲ, ಗೊತ್ತಿಲ್ಲದೆ ಇಟ್ಟರೆ ಮೋಸ. ಇನ್ನೊಂದು ಮಾತು: 5 ಲಕ್ಷದವರೆಗಿನ ಠೇವಣಿ ವಿಮೆ ಇರೋದು ಬ್ಯಾಂಕುಗಳಿಗೆ ಮಾತ್ರ. ಊರಿನ ಸೊಸೈಟಿಗೆ, ಪತ್ತಿನ ಸಂಘಕ್ಕೆ ಆ ವಿಮೆ ಇಲ್ಲ.

ಹಾಗಾಗಿ ಸರ್ಕಾರಗಳಿಗೆ ಒಂದೇ ಒತ್ತಾಯ. ಈ ವರ್ಷ ನಬಾರ್ಡ್ ಮಿತಿ ಎಷ್ಟು, ತಾಲ್ಲೂಕಿಗೆ ಬಂದಿದ್ದೆಷ್ಟು ಅಂತ ಮುಂಗಾರಿಗೆ ಮುಂಚೆ ಪ್ರತಿ ಸೊಸೈಟಿಯ ಬೋರ್ಡ್ ಮೇಲೆ ಬರೆಸಿ. ದುಡ್ಡು ಇದೆಯೋ ಇಲ್ಲವೋ ಅನ್ನೋದು ಬಿತ್ತನೆಗೆ ಮುಂಚೆ ಗೊತ್ತಾಗಲಿ, ಆಮೇಲೆ ಅಲ್ಲ. ನಿಮಗೆ ಎರಡೇ ಪ್ರಶ್ನೆ. ದುಡ್ಡು ಇಡೋಕೆ ಮುಂಚೆ ಕೌಂಟರಿನಲ್ಲಿ ಕೇಳಿ: ಇದಕ್ಕೆ ವಿಮೆ ಇದೆಯಾ? ಬ್ಯಾಂಕು ಮುಳುಗಿದರೆ ನಾನು ಎಷ್ಟನೇ ಪಂಕ್ತಿ? ಬಾಯಲ್ಲಿ ಹೇಳಿದ್ದು ಸಾಲದು, ಬರೆದು ಕೊಡಿ ಅನ್ನಿ. ಬರೆದು ಕೊಡೋಕೆ ಹಿಂದೇಟು ಹಾಕಿದರೆ ದುಡ್ಡು ಜೇಬಲ್ಲೇ ಇರಲಿ.