ಮನಸ್ಸಿನ ಮದ್ದು ಯಾರು ಬರೆಯಬೇಕು?



ನಮ್ಮ ದೇಶದಲ್ಲಿ ಮನಶ್ಶಾಸ್ತ್ರಜ್ಞರು ಮಾತಿನ ಮೂಲಕ ಚಿಕಿತ್ಸೆ ಕೊಡ್ತಾರೆ. ಮಾತ್ರೆ ಬರೆಯುವುದು ಡಾಕ್ಟರರ ಕೆಲಸ. ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯ 2002ರಲ್ಲಿ, ಹೆಚ್ಚಿನ ತರಬೇತಿ ಪಡೆದ ಮನಶ್ಶಾಸ್ತ್ರಜ್ಞರಿಗೂ ಮದ್ದು ಬರೆಯುವ ಅಧಿಕಾರ ಕೊಟ್ಟಿತು. ಹಳ್ಳಿ ಕಡೆ ಮನೋವೈದ್ಯರು ಸಿಗುತ್ತಿರಲಿಲ್ಲ. ನಮ್ಮದು ಬೇರೆ ದಾರಿ: 1980ರ ದಶಕದಲ್ಲಿ ನಿಮ್ಹಾನ್ಸ್, ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರರಿಗೇ ತರಬೇತಿ ನೀಡಿತು.

ಜಾತಿಭೇದವಿಲ್ಲದೆ, ಹತ್ತಿರದಲ್ಲೇ ಚಿಕಿತ್ಸೆ ಸಿಗುವುದು ಹಕ್ಕು ಅಂತ 2017ರ ಮಾನಸಿಕ ಆರೋಗ್ಯ ಕಾನೂನು ಹೇಳುತ್ತದೆ. ಎಣ್ಮಕಜೆ, ಪೈವಳಿಕೆಯವರು ಒಂದು ದಿನದ ಕೂಲಿ ಬಿಟ್ಟು ಮಂಗಳೂರಿಗೆ ಹೋಗಬೇಕಾದರೆ ಆ ಹಕ್ಕು ಎಲ್ಲಿ? ಹತ್ತಿರದ ಆಸ್ಪತ್ರೆಯಲ್ಲೇ ಬೇಕು ಅಂತ ಒಟ್ಟಾಗಿ ಕೇಳೋಣ. ಮನಸ್ಸು ಕುಗ್ಗಿದರೆ 14416ಕ್ಕೆ ಫೋನ್ ಮಾಡಿ, ನಾಚಿಕೆ ಬೇಡ.

ಮದ್ದು ಯಾರೇ ಬರೆಯಲಿ, ಕಲಿತು ಬರೆಯಲಿ. ನಮ್ಮ ಕನ್ನಡ, ತುಳು ಕೇಳಿಸಿಕೊಂಡು ಬರೆಯಲಿ.